ರಗತ ಎಷ್ಟದ ಅಕ್ಕಾ?

ರಾಯಚೂರು ಜಿಲ್ಲೆಯಲ್ಲಿ ಬಸುರಿನ ಬಗ್ಗೆ ತಿಳಿಯದವರು ಯಾರೂ ಇಲ್ಲ, ಬಸುರಿಯೊಬ್ಬಳನ್ನು ಬಿಟ್ಟು. ಪಪ್ಪಾಯಿ ಮುಟ್ಟಬೇಡ ಎನ್ನಲು ಪಕ್ಕದ ಮನೆಯ ಅಜ್ಜಿ ಇದ್ದಾಳೆ. ಗ್ರಹಣದ ಹೊತ್ತಿಗೆ ಕತ್ತರಿ ಹಿಡಿಯಬೇಡ ಎನ್ನಲು ಟೀವಿಯ ಜ್ಯೋತಿಷಿ ಇದ್ದಾನೆ. ಹೊಟ್ಟೆ ಚೂಪಗೆ ಮುಂದೆ ಬಂದಿದೆ, ಗಂಡೇ ಸೈ ಎಂದು ತೀರ್ಪು ಕೊಡಲು ಬಸ್ ನಿಲ್ದಾಣದ ಹೂವಿನಾಕೆ ಇದ್ದಾಳೆ. ಅದೇ ಮಾತನ್ನು ಸ್ಕ್ಯಾನಿಂಗ್ ಮಾಡುವ ಡಾಕ್ಟರು ಆಡಿದರೆ 1994ರ ಕಾಯ್ದೆ ಅವರನ್ನು ಜೈಲಿಗೆ ಕಳಿಸುತ್ತದೆ. ಹೂವಿನಾಕೆಯ ಮೇಲೆ ಯಾವ ಕಾಯ್ದೆಯೂ ನಡೆಯದು. ಗಂಡನೂ ತಜ್ಞನೇ. "ನಮ್ಮವ್ವ ಏಳು ಹಡದಾಳ, ಏಳೂ ಮನ್ಯಾಗ" ಎಂಬುದು ಅವನ ಪ್ರಬಂಧದ ಶೀರ್ಷಿಕೆ, ವಿಷಯ ಮತ್ತು ಉಪಸಂಹಾರ. ಆ ಏಳರಲ್ಲಿ ಎಷ್ಟು ಉಳಿದವು ಎಂದು ಮಾತ್ರ ಕೇಳಬಾರದು.

ಇಷ್ಟು ಮಂದಿ ಪಂಡಿತರ ನಡುವೆ ಬಸುರಿಗೆ ಬಾಯಿ ಬಿಡಲು ಸಿಗುವ ಜಾಗ ಒಂದೇ: ಇನ್ನೊಬ್ಬ ಬಸುರಿಯ ಪಕ್ಕ.

ರಾಯಚೂರು ನಗರದಲ್ಲಿ ಆ ಪಕ್ಕದ ಜಾಗಕ್ಕೂ ಈಗ ಫೀಸು ಬಂದಿದೆ. ಗರ್ಭ ಸಂಸ್ಕಾರದ ಕ್ಲಾಸಿಗೆ ಹೋಗಿ, ಚಾಪೆ ಹಾಸಿ, ಕಣ್ಣು ಮುಚ್ಚಿ, ಹೊಟ್ಟೆಯೊಳಗಿನ ಕೂಸಿಗೆ ಶ್ಲೋಕ ಕೇಳಿಸಬಹುದು. ಹಸಿರು ಬಳೆ, ಹಸಿರು ಸೀರೆಯ ಕುಬಸ ಈಗ ನೀಲಿ-ಗುಲಾಬಿ ಬಲೂನಿನ ಕಮಾನಿನ ಕೆಳಗೆ ನಡೆಯುತ್ತದೆ. ನಲವತ್ತೆರಡು ಡಿಗ್ರಿ ಬಿಸಿಲಿನಲ್ಲಿ ಉದ್ದ ಗೌನು ತೊಟ್ಟು ಹೊಟ್ಟೆಯ ಮೇಲೆ ಕೈಯಿಟ್ಟು ನಿಲ್ಲುವ ಫೋಟೋ ಶೂಟ್ ಕೂಡ ಇದೆ. ಗಂಡ ಹಿಂದಿನಿಂದ ಅಪ್ಪಿಕೊಂಡು, ಇಡೀ ಒಂಬತ್ತು ತಿಂಗಳಲ್ಲಿ ಅದೊಂದೇ ದಿನ ಹೊಟ್ಟೆಯ ಭಾರ ಹೊರುತ್ತಾನೆ. ಇಲ್ಲಿನ ಗೆಳತಿಯರು ಹಂಚಿಕೊಳ್ಳುವುದು ಯಾವ ನರ್ಸಿಂಗ್ ಹೋಮಿನಲ್ಲಿ ಏಸಿ ಚೆನ್ನಾಗಿದೆ, ಯಾರು ಪಂಚಾಂಗ ನೋಡಿ ಒಳ್ಳೆಯ ಮುಹೂರ್ತಕ್ಕೇ ಸಿಜೇರಿಯನ್ ಮಾಡುತ್ತಾರೆ ಎಂಬ ಗುಟ್ಟುಗಳನ್ನು. ನಗುವುದು ಸುಲಭ. ಆದರೆ ಅವರ ಒಳಗಿನ ಹೆದರಿಕೆಯೇನೂ ಕಡಿಮೆಯಲ್ಲ, ಬಲೂನು ಕಟ್ಟಿದ್ದಾರೆ ಅಷ್ಟೇ.

ಬಲೂನಿಲ್ಲದ ಹೆದರಿಕೆಯನ್ನು ನೋಡಬೇಕಾದರೆ ತಿಂಗಳ 9ನೇ ತಾರೀಖು ದೇವದುರ್ಗಕ್ಕೋ ಮಾನ್ವಿಗೋ ಹೋಗಬೇಕು. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ 2016ರಲ್ಲಿ ಶುರುವಾದಾಗ, ಒಂಬತ್ತು ತಿಂಗಳ ನೆನಪಿಗೆ ಒಂಬತ್ತನೇ ತಾರೀಖು ಎಂದು ದೆಹಲಿಯಲ್ಲಿ ಯಾರೋ ಪ್ರಾಸ ಹೊಂದಿಸಿದರು. ಆ ದಿನ ನಾಲ್ಕು ಮತ್ತು ಅದಕ್ಕೂ ಮೇಲಿನ ತಿಂಗಳ ಬಸುರಿಯರಿಗೆಲ್ಲ ತಜ್ಞ ವೈದ್ಯರಿಂದ ತಪಾಸಣೆ. ಹಾಗಾಗಿ ತಾಲ್ಲೂಕಿನ ಅಷ್ಟೂ ಹೊಟ್ಟೆಗಳು ಒಂದೇ ದಿನ, ಒಂದೇ ದವಾಖಾನಿಗೆ ಬರುತ್ತವೆ. ಬಸ್ಸು ಶಕ್ತಿ ಯೋಜನೆಯ ಪುಣ್ಯದಿಂದ 2023ರ ಜೂನ್ 11ರಿಂದ ಪುಕ್ಕಟೆ. ಟಿಕೆಟ್ಟು ಪುಕ್ಕಟೆ ಎಂದರು, ಸೀಟು ಸಿಗುತ್ತದೆ ಎಂದು ಯಾರೂ ಮಾತು ಕೊಟ್ಟಿರಲಿಲ್ಲ.

ಸಾಲಿನಲ್ಲಿ ನಿಂತು ನಿಂತು ಸಾಕಾಗಿ, ಕಟ್ಟೆಯ ಮೇಲೋ ನೆಲದ ಮೇಲೋ ಕೂತ ಮೇಲೆ ಜಿಲ್ಲೆಯ ಅತ್ಯುತ್ತಮ ವೈದ್ಯಕೀಯ ಸಮ್ಮೇಳನ ಆರಂಭವಾಗುತ್ತದೆ. ಹೆಸರು ಕೇಳುವ ಮೊದಲೇ ಕೇಳುವ ಪ್ರಶ್ನೆ:

"ರಗತ ಎಷ್ಟದ ಅಕ್ಕಾ?"

"ಎಂಟಂತ."

"ನಂದು ಏಳೂವರಿ. ಹ್ವಾದ ತಿಂಗಳ ಎಂಟಿತ್ತು."

"ಕೆಂಪು ಗುಳಿಗಿ ನುಂಗಾಕತ್ತಿಯಿಲ್ಲೋ?"

"ನುಂಗಿದ್ರ ಹೊಟ್ಟಿ ತೊಳಸ್ತದ. ಅತ್ತಿ ಅಂತಾಳ, ಕೂಸು ಕರ್ರಗ ಆಗ್ತದ, ಬಿಡು ಅಂತ."

"ಕೂಸಿನ ಬಣ್ಣ ನಿನ್ನ ಗಂಡಂದು, ಗುಳಿಗೀದಲ್ಲ. ಚಾ ಕುಡದು ನುಂಗಬ್ಯಾಡ. ರಾತ್ರಿ ಉಂಡು ಒಂದ್ ತಾಸ್ ಬಿಟ್ಟು ನಿಂಬಿಹಣ್ಣಿನ ನೀರಾಗ ನುಂಗು. ಬಿಳಿ ಗುಳಿಗಿ ಮುಂಜಾನಿ ನುಂಗು, ಎರಡೂ ಕೂಡಿಸಬ್ಯಾಡ."

ಚಹಾ ಕಬ್ಬಿಣಾಂಶವನ್ನು ಹೀರಗೊಡುವುದಿಲ್ಲ, ಹುಳಿ ಹೀರಿಸುತ್ತದೆ, ಕ್ಯಾಲ್ಸಿಯಂ ಗುಳಿಗೆ ಜೊತೆಗೂಡಿದರೆ ಅಡ್ಡ ಬರುತ್ತದೆ ಎಂಬಿಷ್ಟು ಪೋಷಣ ವಿಜ್ಞಾನ ಆ ಐದಾರು ಮಾತಿನಲ್ಲಿ ಮುಗಿಯಿತು. ಗೋಡೆಯ ಮೇಲೆ ಇದೇ ವಿಷಯದ ಪೋಸ್ಟರ್ ಇದೆ. ಅದರಲ್ಲಿ ನಗುತ್ತಿರುವ ಗರ್ಭಿಣಿಯ ಕೈಯಲ್ಲಿ ಸೇಬು, ದಾಳಿಂಬೆ ಮತ್ತು ಕೋಸುಗಡ್ಡೆಯಂಥ ಯಾವುದೋ ಹಸಿರು ಪದಾರ್ಥ. ಅದು ಹತ್ತಿ ಬಿಡಿಸುವ ಕೂಲಿಯಲ್ಲಿ ಸಿಗುವ ಪದಾರ್ಥವಲ್ಲವಾದ್ದರಿಂದ ಯಾರೂ ಅದನ್ನು ಓದುವುದಿಲ್ಲ.

ಹಿಮೋಗ್ಲೋಬಿನ್ ಹನ್ನೊಂದು ಗ್ರಾಂ ಇರಬೇಕು, ಏಳಕ್ಕಿಂತ ಕೆಳಗಿಳಿದರೆ ಗಂಡಾಂತರ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ ಶೇ. 45.7 ಮಂದಿ ರಕ್ತಹೀನರು. ಈ ಸಂಖ್ಯೆಯನ್ನು ಸಭೆಗಳಲ್ಲಿ ಓದುತ್ತಾರೆ, ಆತಂಕ ವ್ಯಕ್ತಪಡಿಸುತ್ತಾರೆ, ಚಹಾ ಕುಡಿಯುತ್ತಾರೆ. ಆದರೆ ಕಟ್ಟೆಯ ಮೇಲೆ ಕೂತವಳು ತಾನು ಕದ್ದು ಬಳಪ ತಿನ್ನುತ್ತೇನೆ, ಮಳೆ ಬಿದ್ದ ಗೋಡೆಯ ಮಣ್ಣಿನ ವಾಸನೆಗೆ ಬಾಯಲ್ಲಿ ನೀರೂರುತ್ತದೆ ಎಂಬ ಗುಟ್ಟನ್ನು ಪಕ್ಕದವಳ ಕಿವಿಯಲ್ಲಿ ಹೇಳಿದಾಗ, ರಕ್ತಹೀನತೆಯ ಆ ಹಳೆಯ ಲಕ್ಷಣ ದಾಖಲಾಗುವುದು ಪಕ್ಕದವಳ ತಲೆಯಲ್ಲಿ ಮಾತ್ರ. ಡಾಕ್ಟರಿಗೆ ಅವಳು ಹೇಳುವುದಿಲ್ಲ. ಇನ್ನೂರು ಹೊಟ್ಟೆ ನೋಡಬೇಕಾದ ಡಾಕ್ಟರು ಕೇಳುವುದೂ ಇಲ್ಲ.

ಹೆರಿಗೆಯ ತಯಾರಿಯ ವಿಚಾರಕ್ಕೆ ಬರೋಣ. ಬೆಂಗಳೂರಿನ ಮಾಸಪತ್ರಿಕೆಗಳು ವರ್ಷಕ್ಕೊಮ್ಮೆ ಒಂದು ಪಟ್ಟಿ ಅಚ್ಚುಹಾಕುತ್ತವೆ: ಆಸ್ಪತ್ರೆಗೆ ಒಯ್ಯುವ ಚೀಲದಲ್ಲಿ ಸಡಿಲ ಉಡುಪು, ಮೆತ್ತನೆಯ ಚಪ್ಪಲಿ, ಇಷ್ಟದ ಹಾಡು, ತುಟಿಗೆ ಹಚ್ಚುವ ಮುಲಾಮು. ದೇವದುರ್ಗದ ಕಟ್ಟೆಯ ಪಟ್ಟಿ ಬೇರೆ. ತಾಯಿ ಕಾರ್ಡು, ಅದರ ಮೂರು ಝೆರಾಕ್ಸು. ಆಧಾರ್ ಕಾರ್ಡು, ಅದರಲ್ಲಿ ಗಂಡನ ಹೆಸರೇ ಇರಬೇಕು. ಅಪ್ಪನ ಹೆಸರಿದ್ದರೆ ಮೊದಲ ಹೆರಿಗೆಯ ಐದು ಸಾವಿರ ಬ್ಯಾಂಕಿಗೆ ಬರುವ ಹೊತ್ತಿಗೆ ಕೂಸು ಶಾಲೆಗೆ ಹೋಗುತ್ತಿರುತ್ತದೆ. ಗುಂಪು ಗೊತ್ತಿರುವ, ಕುಡಿಯದ, ರಗತ ಕೊಡಲು ಹೆದರದ ಇಬ್ಬರು ಗಂಡಸರು. ಪಟ್ಟಿಯಲ್ಲಿ ಹೊಂದಿಸಲು ಅತಿ ಕಷ್ಟವಾದದ್ದು ಇದೇ. ಪುಕ್ಕಟೆ ಹೆರಿಗೆಗೆ ಬೇಕಾಗುವ ರೊಕ್ಕ. "ಪುಕ್ಕಟೆ ಅಂತಾರಲ್ಲ?" ಎಂದು ಚೊಚ್ಚಲ ಬಸುರಿ ಕೇಳಿದರೆ ಎರಡು ಹೆತ್ತವಳು ನಗುತ್ತಾಳೆ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಔಷಧಿ, ಊಟ, ರಕ್ತ, ಹೋಗಿಬರುವ ಗಾಡಿ ಎಲ್ಲವನ್ನೂ ಉಚಿತ ಮಾಡಿತು. ಗಂಡು ಹುಟ್ಟಿದರೆ ಇಷ್ಟು, ಹೆಣ್ಣಾದರೆ ಅಷ್ಟು ಎಂದು ಕೈಚಾಚುವವರಿಗೆ ಆ ಆದೇಶದ ಪ್ರತಿ ಇನ್ನೂ ತಲುಪಿಲ್ಲವೇನೋ.

2024ರ ನವೆಂಬರಿನ ಮೇಲೆ ಪಟ್ಟಿಗೆ ಇನ್ನೊಂದು ಸೇರಿದೆ. ನೆರೆಯ ಬಳ್ಳಾರಿಯಲ್ಲಿ ಸಿಜೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತರು, ಅನುಮಾನ ರಿಂಗರ್ ಲ್ಯಾಕ್ಟೇಟ್ ಎಂಬ ಸಲಾಯಿನ್ನಿನ ಮೇಲೆ ಬಿತ್ತು, ಸರ್ಕಾರ ಅದನ್ನು ತಯಾರಿಸಿದ ಕಂಪನಿಯ ದ್ರಾವಣದ ಬಳಕೆ ನಿಲ್ಲಿಸಿ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಕಟ್ಟೆಯವರ ನಿರ್ಧಾರ ಅದಕ್ಕಿಂತ ಚುರುಕು: ಓದು ಬರುವ ಮೈದುನನನ್ನು ಜೊತೆಗೆ ಕರೆದೊಯ್ಯುವುದು, ಬಾಟಲಿಯ ಮೇಲೆ ಏನು ಬರೆದಿದೆ ಎಂದು ಓದಿಸುವುದು. ರಾಜ್ಯದ ಔಷಧ ಗುಣಮಟ್ಟ ಪರೀಕ್ಷೆ ಹೀಗೆ ಹತ್ತನೇ ಕ್ಲಾಸ್ ಫೇಲಾದ ಹುಡುಗನ ಹೆಗಲಿಗೆ ಬಂದಿದೆ.

ಒಂಬತ್ತನೇ ತಾರೀಖಿನ ಅಭಿಯಾನದಲ್ಲಿ ತಾಯಿ ಕಾರ್ಡಿಗೆ ಬಣ್ಣದ ಚೀಟಿ ಅಂಟಿಸುವ ಪದ್ಧತಿಯಿದೆ. ಹಸಿರಾದರೆ ತೊಂದರೆಯಿಲ್ಲ, ಕೆಂಪಾದರೆ ಗಂಡಾಂತರದ ಬಸುರು. ರಸ್ತೆಯ ಸಿಗ್ನಲ್ಲಿನಲ್ಲಿ ಕೆಂಪು ಎಂದರೆ ನಿಲ್ಲು. ಇಲ್ಲಿ ಕೆಂಪು ಎಂದರೆ ಹೊರಡು, ರಾಯಚೂರಿಗೆ. ಮಾನ್ವಿಯಿಂದಾಗಲಿ ದೇವದುರ್ಗದಿಂದಾಗಲಿ ಐವತ್ತು ಕಿಲೋಮೀಟರ್ ಹೆಚ್ಚುಕಡಿಮೆ. ನೋವು ಎದ್ದಿರುವ ಹೆಣ್ಣಿನ ಲೆಕ್ಕದಲ್ಲಿ ಅದನ್ನು ಕಿಲೋಮೀಟರಿನಲ್ಲಿ ಅಳೆಯುವುದಿಲ್ಲ, ಗುಂಡಿಗಳಲ್ಲಿ ಅಳೆಯುತ್ತಾರೆ. ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಶಾಸನವಿರುವ ನಲವತ್ತು ಅಡಿಗೂ ಮಿಕ್ಕಿದ ಒಂದು ಕಲ್ಲಿದೆ. ಅದನ್ನು ಬಂಡಿಯ ಮೇಲೆ ಎಳೆದು ತಂದ ಚಿತ್ರವನ್ನೂ ಪಕ್ಕದಲ್ಲಿ ಕೆತ್ತಿದ್ದಾರೆ. ಮೋಟಾರಿಲ್ಲದ ಕಾಲದಲ್ಲಿ ಅಷ್ಟು ದೊಡ್ಡ ಕಲ್ಲು ರಾಯಚೂರು ತಲುಪಿತು. ನಲವತ್ತೈದು ಕಿಲೋ ತೂಗುವ ಹೆಂಗಸು ತಲುಪುವುದೇ ಪವಾಡವೆಂಬಂತಾಗಿದೆ.

ತಲುಪಿದ ಮೇಲೆ? ಅದಕ್ಕೇ ರಾಯಚೂರಿನವರು ಏಮ್ಸ್ ಕೊಡಿ ಎಂದು 2022ರ ಮೇ ತಿಂಗಳಲ್ಲಿ ಧರಣಿ ಕೂತದ್ದು. ಧರಣಿ ಸಾವಿರ ದಿನ ದಾಟಿತು. ಒಂದು ಬಸುರಿಗೆ 280 ದಿನ. ಮೂರು ಬಸುರು ಮುಗಿದು ನಾಲ್ಕನೆಯದು ಅರ್ಧಕ್ಕೆ ಬರುವಷ್ಟು ಕಾಲ ಕೂತರೂ ದೆಹಲಿಗೆ ಇನ್ನೂ ಬಯಕೆಯೇ ಹುಟ್ಟಲಿಲ್ಲ.

ಬಸುರಿಯರನ್ನು ಒಟ್ಟಿಗೆ ಕೂಡಿಸಿದರೆ ಒಳ್ಳೆಯದಾದೀತು ಎಂದು ಸರ್ಕಾರಕ್ಕೆ ಹೊಳೆದೇ ಇಲ್ಲ ಎಂದರೆ ಅನ್ಯಾಯ. ಮಾತೃಪೂರ್ಣ ಯೋಜನೆಯನ್ನು 2017ರಲ್ಲಿ ಮೊದಲು ಪ್ರಯೋಗಕ್ಕೆ ಹಚ್ಚಿದ ತಾಲ್ಲೂಕುಗಳಲ್ಲಿ ಮಾನ್ವಿಯೂ ಒಂದು. ಅದೇ ವರ್ಷದ ಅಕ್ಟೋಬರ್ 2ರಿಂದ ರಾಜ್ಯಕ್ಕೆಲ್ಲ ಬಂತು. ಬಸುರಿ, ಬಾಣಂತಿಯರು ಮಧ್ಯಾಹ್ನ ಅಂಗನವಾಡಿಗೆ ಬಂದು ಅನ್ನ, ಸಾರು, ಪಲ್ಯ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ ತಿಂದು ಹೋಗಬೇಕು. ಮನೆಗೆ ಒಯ್ಯಕೂಡದು, ಒಯ್ದರೆ ಗಂಡ-ಮಕ್ಕಳ ಪಾಲಾಗುತ್ತದೆ. ಬಹಳ ಬುದ್ಧಿವಂತ ಯೋಚನೆ. ಬಾಣಂತಿ ಹೊಸ್ತಿಲು ದಾಟಬಾರದೆಂಬುದು, ಊರ ಹೊರಗಿನ ತಾಂಡಾದಿಂದ ಅಂಗನವಾಡಿ ಎಷ್ಟು ದೂರ ಎಂಬುದು, ಮಧ್ಯಾಹ್ನ ಒಂದಕ್ಕೆ ಬಸುರಿ ಹತ್ತಿ ಹೊಲದಲ್ಲೋ ಭತ್ತದ ಕೆಸರಿನಲ್ಲೋ ಇರುತ್ತಾಳೆಂಬುದು ಯೋಚಿಸಿದವರ ಗಮನಕ್ಕೆ ಬರಲಿಲ್ಲ, ಅಷ್ಟೇ. ಇಂಥ ಸಣ್ಣಪುಟ್ಟ ಸಂಗತಿಗಳನ್ನು ಸರ್ಕಾರಿ ಭಾಷೆಯಲ್ಲಿ ಅನುಷ್ಠಾನದ ಸವಾಲು ಎನ್ನುತ್ತಾರೆ.

ಆದರೂ ಹೋದವರು ಹೋದರು. ಅತ್ತೆಯ ಕಣ್ಣಿಲ್ಲದ ಒಂದು ತಾಸು, ಸುತ್ತಲೂ ತನ್ನಂಥವರೇ. "ಮೊಟ್ಟಿ ಒಬ್ಬಾಕೀನ ಹ್ಯಾಂಗ ತಿನ್ನಲಿ, ಎರಡು ಹುಡುಗ್ರು ಬಾಗಲಾಗ ನಿಂತು ನೋಡ್ತಾವ" ಎಂದು ಒಬ್ಬಳು ಹೇಳಿಕೊಳ್ಳುವುದು, "ಕಾಲು ಬಾತಾವ, ತಲಿ ಸಿಡೀತದ, ಕಣ್ಣು ಮಂಜಾಗ್ಯಾವ" ಎಂದು ಇನ್ನೊಬ್ಬಳು ಅನ್ನುತ್ತಲೇ ಮೂರನೆಯವಳು ತುತ್ತು ಬಿಟ್ಟು "ಯವ್ವಾ, ಹಂಗಾಗೇ ನಮ್ಮ ನೆಗೆಣ್ಣಿಗೆ ಫಿಟ್ಸ್ ಬಂತು, ಈಗ್ಲೇ ಹೋಗಿ ಬೀಪಿ ನೋಡಿಸು" ಎಂದು ಎಬ್ಬಿಸಿ ಕಳಿಸುವುದು, ಇವೆಲ್ಲ ಆ ಒಂದು ತಾಸಿನೊಳಗೆ. ಟೀಚರ್ ಬರೆಯಬೇಕಾದ ದಫ್ತರಿನಲ್ಲಿ ಮೊಟ್ಟೆಗೆ ಕಾಲಂ ಇದೆ, ಹಾಲಿಗೆ ಇದೆ, ಚಿಕ್ಕಿಗೆ ಇದೆ. ಈ ಮಾತಿಗೆ ಇಲ್ಲ.

ದೇವದುರ್ಗದ ಕಡೆ ಅರ್ಧ ಊರು ಗುಳೆ ಹೋಗುತ್ತದೆಯಲ್ಲ, ಅವರ ಕತೆ ಇನ್ನೂ ಸ್ವಾರಸ್ಯ. ತಾಯಿ ಕಾರ್ಡು ದೇವದುರ್ಗದ್ದು, ಬಸುರು ಬೆಂಗಳೂರಿನದು. ಇಲ್ಲಿಯ ಆಶಾ ಅಕ್ಕ ಬೀಗ ಹಾಕಿದ ಬಾಗಿಲು ನೋಡಿ ಬರುತ್ತಾಳೆ. ಅಲ್ಲಿಯ ಆಶಾ ಅಕ್ಕನಿಗೆ ಕಟ್ಟಡದ ತಗಡಿನ ಶೆಡ್ಡಿನಲ್ಲಿ ಬಸುರಿಯೊಬ್ಬಳಿದ್ದಾಳೆಂದು ತಿಳಿಯುವಷ್ಟರಲ್ಲಿ ಹೆರಿಗೆ ಆಗಿರುತ್ತದೆ. ಅಲ್ಲಿ ಅವಳಿಗೆ ಸಲಹೆ ಕೊಡುವವಳು ಪಕ್ಕದ ಶೆಡ್ಡಿನ ಯಾದಗಿರಿಯ ಬಸುರಿ, ಸಿಮೆಂಟಿನ ಬುಟ್ಟಿ ಹೊತ್ತುಕೊಂಡೇ.

ಹೆಂಗಸರು ಕೂತು ಮಾತಾಡಿದರೆ ಏನಾಗುತ್ತದೆ ಎಂದು ನೀವು ಮೂಗು ಮುರಿಯಬಹುದು. ಏನಾಗುತ್ತದೆಂದು ಅಳೆದಿದ್ದಾರೆ. ಜಾರ್ಖಂಡ್ ಮತ್ತು ಒಡಿಶಾದ ಮೂರು ಜಿಲ್ಲೆಗಳಲ್ಲಿ 2005ರಿಂದ 2008ರವರೆಗೆ ಏಕ್‌ಜುಟ್ ಎಂಬ ಸಂಸ್ಥೆ ಹಳ್ಳಿ ಹೆಂಗಸರನ್ನು ತಿಂಗಳಿಗೊಮ್ಮೆ ಕೂಡಿಸಿತು. ಆಯಾ ಊರ ಕಡೆಯ ಹೆಂಗಸೇ ಸಭೆ ನಡೆಸುವವಳು. ಕತೆ, ಚಿತ್ರ, ಅವರವರ ಅನುಭವ, ನಮ್ಮೂರಲ್ಲಿ ಏನು ಮಾಡೋಣ ಎಂಬ ಚರ್ಚೆ. 2010ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂತು: ಸಭೆ ನಡೆದ ಕಡೆ, ನಡೆಯದ ಕಡೆಗಿಂತ ಎಳೆಗೂಸುಗಳ ಸಾವು ಶೇ. 32ರಷ್ಟು ಕಡಿಮೆ. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಇಂಥ ಗುಂಪುಗಳನ್ನು ಶಿಫಾರಸು ಮಾಡಿತು.

ಇಷ್ಟು ಸಾಬೀತಾದ ಔಷಧವನ್ನು ನಮ್ಮಲ್ಲಿ ಯಾಕೆ ಕೊಡುವುದಿಲ್ಲ? ಕಾರಣ ಸರಳ. ಮಾತಿಗೆ ಟೆಂಡರ್ ಕರೆಯಲಾಗದು. ಮಾತನ್ನು ಕೊಂಡು ಗೋದಾಮಿನಲ್ಲಿಟ್ಟು ಅವಧಿ ಮುಗಿಸಲಾಗದು. ಅದಕ್ಕೆ ಶಿಲಾನ್ಯಾಸ ಮಾಡಲಾಗದು, ಮಾತಿನ ಡಬ್ಬದ ಮೇಲೆ ಮಂತ್ರಿಗಳ ಫೋಟೋ ಅಂಟಿಸಲಾಗದು. 2018-20ರ ಲೆಕ್ಕದಲ್ಲಿ ಲಕ್ಷ ಹೆರಿಗೆಗೆ ಕೇರಳದಲ್ಲಿ 19, ತೆಲಂಗಾಣದಲ್ಲಿ 43, ನಮ್ಮಲ್ಲಿ 69 ತಾಯಂದಿರ ಸಾವು. ದಕ್ಷಿಣದ ಐದು ರಾಜ್ಯಗಳಲ್ಲಿ ಕೊನೆಯ ಸ್ಥಾನ. ಇದನ್ನು ಸರಿಪಡಿಸಲು ನಾವು ಕಟ್ಟಡ ಕಟ್ಟಿಸುತ್ತೇವೆ, ಬಣ್ಣ ಬಳಿಸುತ್ತೇವೆ. ಒಳಗೆ ಡಾಕ್ಟರ ಹುದ್ದೆ ಖಾಲಿ, ಹೊರಗೆ ಕಟ್ಟೆ ಭರ್ತಿ.

ದೇವದುರ್ಗ, ಮಾನ್ವಿಯ ಆರೋಗ್ಯಾಧಿಕಾರಿಗಳಲ್ಲಿ ಒಂದೇ ವಿನಂತಿ. ತಪಾಸಣೆಗೆ ಬಂದವರನ್ನು ಬಿಸಿಲಿನ ಸಾಲಿನಲ್ಲಿ ನಿಲ್ಲಿಸದೆ ನೆರಳಿನಲ್ಲಿ ದುಂಡಗೆ ಕೂಡಿಸಿರಿ. ಕುಡಿಯಲು ನೀರಿಡಿ. ಒಬ್ಬ ಆಶಾ ಕಾರ್ಯಕರ್ತೆ ಅವರ ನಡುವೆ ಕೂತು, ಭಾಷಣ ಮಾಡದೆ, ಅವರು ಆಡಿದ್ದನ್ನು ಬರೆದುಕೊಳ್ಳಲಿ: ಯಾರ ಕಾಲು ಬಾತಿದೆ, ಯಾರು ಬಳಪ ತಿನ್ನುತ್ತಾರೆ, ಯಾರಿಗೆ ರಗತ ಕೊಡುವವರಿಲ್ಲ, ಯಾರು ಮುಂದಿನ ವಾರ ಗುಳೆ ಹೊರಟಿದ್ದಾರೆ. ಸಂಜೆ ಆ ಹಾಳೆಯನ್ನು ಡಾಕ್ಟರ ಮೇಜಿನ ಮೇಲಿಡಲಿ. ಇದಕ್ಕೆ ಅನುದಾನ ಬೇಡ, ಆದೇಶ ಬೇಡ, ಉದ್ಘಾಟನೆ ಬೇಡ. ಕೂಡಿಸಲು ಬೆಂಚಿಲ್ಲ, ಬೆಂಚಿಗೆ ಟೆಂಡರ್ ಆಗಬೇಕು ಎನ್ನುವುದಾದರೆ ಜಮಖಾನ ಸಾಕು. ಶಾಮಿಯಾನದ ಅಂಗಡಿಯಲ್ಲಿ ದಿನದ ಬಾಡಿಗೆಗೆ ಸಿಗುತ್ತದೆ.