ನಜರ್‌ಬಾದಿನ ಆರ್‌ಸಿಬಿ ಅಭಿಮಾನಿಯ ನಿರೀಕ್ಷಾಮೀಮಾಂಸೆ: ಕೆಲವು ತಾತ್ತ್ವಿಕ ಟಿಪ್ಪಣಿಗಳು

ಪ್ರಸ್ತುತ ಪ್ರಬಂಧವು 2008ರಿಂದ 2024ರವರೆಗಿನ ಹದಿನೇಳು ಐಪಿಎಲ್ ಆವೃತ್ತಿಗಳಲ್ಲಿ ರೂಪುಗೊಂಡ ಪರಾಜಯಸಂಕಥನವನ್ನು ‘ಈ ಸಲ ಕಪ್ ನಮ್ದೇ’ ಎಂಬ ವಾರ್ಷಿಕ ಮಹಾವಾಕ್ಯದ ನೆಲೆಯಲ್ಲಿ ಮುರಿದು ಕಟ್ಟುವ ಉದ್ದೇಶ ಹೊಂದಿದೆ. (ಇಂಥದೊಂದು ವಾಕ್ಯ ಬರೆಯದಿದ್ದರೆ ವಿಚಾರ ಸಂಕಿರಣಗಳಲ್ಲಿ ಊಟದ ಕೂಪನ್ ಸಿಗುವುದಿಲ್ಲ.) ಮೈಸೂರಿನ ನಜರ್‌ಬಾದನ್ನೇ ಅಧ್ಯಯನ ಪ್ರದೇಶವಾಗಿ ಆಯ್ದುಕೊಳ್ಳಲು ಕಾರಣವುಂಟು. ಮೈಲಾರಿ ದೋಸೆಗೆ ಬಾಗಿಲಲ್ಲಿ ನಿಂತು ಪಳಗಿದ ಜನ ಇಲ್ಲಿಯವರು. ಕಾಯುವಿಕೆಯ ದೇಸಿ ತತ್ತ್ವಜ್ಞಾನ ಇವರಿಗೆ ಕರಗತ. ವ್ಯತ್ಯಾಸ ಒಂದೇ, ದೋಸೆ ಬರುತ್ತದೆ.

ಅಭಿಮಾನಿಗಳಲ್ಲಿ ಐದು ಪಂಥಗಳು. ಮೊದಲನೆಯವರು ಗಣಿತಮಾರ್ಗಿಗಳು: ಮುಂಬೈ ಸೋತು, ಕೋಲ್ಕತ್ತದಲ್ಲಿ ಮಳೆ ಬಂದು, ನೆಟ್ ರನ್‌ರೇಟ್ ಕೈಹಿಡಿದರೆ ಪ್ಲೇಆಫ್ ಖಚಿತವೆಂದು ಚೀಟಿಯಲ್ಲಿ ಸಾಧಿಸುವವರು. ಎರಡನೆಯವರು ಸ್ವದೃಷ್ಟಿದೋಷವಾದಿಗಳು: ತಾವು ಟಿವಿ ಮುಂದೆ ಕೂತರೆ ವಿಕೆಟ್ ಬೀಳುತ್ತದೆಂದು ಚಾಮುಂಡಿ ವಿಹಾರ ಕ್ರೀಡಾಂಗಣದ ಕಡೆ ವಾಕಿಂಗ್ ಹೊರಡುವವರು. ಮೂರನೆಯವರು... ಬಿಡಿ, ಮಿಕ್ಕ ಮೂರೂ ಒಂದೇ. ಹಳೇ ಜೆರ್ಸಿಯನ್ನೇ ತೊಳೆದು ಮತ್ತೆ ಹಾಕಿಕೊಳ್ಳುವವರು.

ಆಕರಗಳಿಗೇನೂ ಬರವಿಲ್ಲ. 2013ರ ಏಪ್ರಿಲ್ 23ರಂದು ಪುಣೆ ವಿರುದ್ಧ 263 ರನ್, ಅದರಲ್ಲಿ ಗೇಲ್ ಒಬ್ಬನದೇ 175. ನಾಲ್ಕು ವರ್ಷ ಕಳೆದು ಅದೇ ಏಪ್ರಿಲ್ 23ಕ್ಕೆ ಈಡನ್ ಗಾರ್ಡನ್ಸ್‌ನಲ್ಲಿ 49ಕ್ಕೆ ಆಲೌಟ್; ಒಬ್ಬನೂ ಎರಡಂಕಿ ಮುಟ್ಟಲಿಲ್ಲ. ಹಬ್ಬಕ್ಕೂ ಶ್ರಾದ್ಧಕ್ಕೂ ಒಂದೇ ದಿನ ಬಿದ್ದರೆ ಯಾವ ಅಡುಗೆ ಮಾಡಬೇಕೆಂದು ಯಾವ ಪಂಚಾಂಗದಲ್ಲೂ ಇಲ್ಲ. 2016ರಲ್ಲಿ ಕೊಹ್ಲಿ 973 ರನ್ ಹೊಡೆದ. ಫೈನಲ್ ನಮ್ಮದೇ ಚಿನ್ನಸ್ವಾಮಿಯಲ್ಲಿ. ಮೊದಲ ವಿಕೆಟ್ಟಿಗೆ 114. ಸೋತದ್ದು 8 ರನ್ನಿನಿಂದ.

ಪ್ರತಿ ಸೋಲಿನ ನಂತರ ಕೋಟು ತೊಟ್ಟ ಭಾಷ್ಯಕಾರರು ‘ಪ್ರೊಸೆಸ್’, ‘ಪಾಸಿಟಿವ್ಸ್’ ಎಂಬ ಎರಡು ಬೀಜಾಕ್ಷರಗಳನ್ನು ಜಪಿಸುತ್ತಾರೆ. ಯಾವ ಪ್ರೊಸೆಸ್ಸು? 2018ರ ಹರಾಜಿನಲ್ಲಿ ನಮ್ಮ ಕೆ.ಎಲ್. ರಾಹುಲ್ 11 ಕೋಟಿಗೆ ಪಂಜಾಬ್ ಪಾಲಾದದ್ದು ಯಾವ ಪಾಸಿಟಿವ್ಸು? ಹೆಣ್ಣುಮಕ್ಕಳ ತಂಡ ತನ್ನ ಎರಡನೇ ಸೀಸನ್‌ನಲ್ಲೇ, 2024ರಲ್ಲಿ, ಸದ್ದಿಲ್ಲದೆ ಕಪ್ ತಂದಿಟ್ಟಿತು. ಅವರಿಗೆ ಯಾರೂ ಮೀಮಾಂಸೆ ಬರೆಯಬೇಕಾಗಲಿಲ್ಲ.

ಇನ್ನು ಉಪಪ್ರಮೇಯ. 2009ರಲ್ಲಿ ಫೈನಲ್ ಸೋತದ್ದು 6 ರನ್ನಿಗೆ. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಗೆದ್ದದ್ದೂ 6 ರನ್ನಿಗೆ. ಇಲ್ಲಿ ‘ಚಕ್ರೀಯ ಕಾಲಪ್ರಜ್ಞೆ’ ಎಂದೇನೋ ಬರೆಯಬೇಕೆಂದಿದ್ದೆ. ಆದರೆ ಗೆದ್ದ ಮಾರನೆಯ ದಿನ ಚಿನ್ನಸ್ವಾಮಿ ಗೇಟುಗಳ ಬಳಿ ನೂಕುನುಗ್ಗಲಿನಲ್ಲಿ ಹನ್ನೊಂದು ಜನ ಸತ್ತರು. ಹೆಚ್ಚಿನವರು ಎಳೆಯ ವಯಸ್ಸಿನವರು, ಕಪ್ ಒಂದು ಸಲ ಕಣ್ಣಾರೆ ಕಾಣೋಣ ಎಂದು ಬಂದವರು. ಸೋಲನ್ನು ಇಷ್ಟು ವರ್ಷ ತಾಳಿದ ಜನರನ್ನು ಒಂದು ಸಂಜೆ ಒಳಗೆ ಬಿಟ್ಟು ಸುಖವಾಗಿ ಮನೆಗೆ ಕಳಿಸುವ ವ್ಯವಸ್ಥೆ ಯಾರ ಬಳಿಯೂ ಇರಲಿಲ್ಲ. ಆಮೇಲೆ ಸರ್ಕಾರ, ಪೊಲೀಸು, ತಂಡ, ಕ್ರಿಕೆಟ್ ಸಂಸ್ಥೆ ಒಬ್ಬರ ಕಡೆ ಒಬ್ಬರು ಬೆರಳು ತೋರಿಸಿದ್ದೇ ತೋರಿಸಿದ್ದು. ಹೊರಗೆ ಮಕ್ಕಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡುತ್ತಿದ್ದಾಗ ಒಳಗೆ ಸಂಭ್ರಮ ನಡೆದೇ ಇತ್ತು. ಅದನ್ನಾದರೂ ನಿಲ್ಲಿಸಬಹುದಿತ್ತಲ್ಲ, ಸ್ವಾಮಿ.