ಸಾಕೆಯ ರಸಮೀಮಾಂಸೆ

ಅನ್ನವಾಗಬೇಕಾದ ಅಕ್ಕಿಯನ್ನು ಮದ್ಯವಾಗಿಸುವ ವಿದ್ಯೆ ಏಷ್ಯಾದ ಹಲವು ಜನಾಂಗಗಳಿಗೆ ಕರಗತವಾಗಿದ್ದರೂ, ಆ ಮದ್ಯಕ್ಕೊಂದು ವ್ಯಾಕರಣವನ್ನೂ ಅಲಂಕಾರಶಾಸ್ತ್ರವನ್ನೂ ಕಟ್ಟಿ, ಕುಡಿಯಲು ಬಂದವನು ಪರೀಕ್ಷೆಗೆ ಕೂತವನಂತೆ ಬೆವರುವ ಹಾಗೆ ಮಾಡಿದ ಕೀರ್ತಿ ಜಪಾನೀಯರದು. ಅವರ ಸಾಕೆಯಲ್ಲಿ ಮೂಲತಃ ಇರುವುದು ಅಕ್ಕಿ, ನೀರು, ಯೀಸ್ಟ್ ಮತ್ತು ಕೋಜಿ ಎಂಬ ಬೂಷ್ಟು. ಆದರೆ ಈ ನಾಲ್ಕರ ಸುತ್ತ ಬೆಳೆದಿರುವ ಪರಿಭಾಷೆಯನ್ನು ಕಲಿತು ಮುಗಿಸುವಷ್ಟರಲ್ಲಿ ಬಟ್ಟಲಿನಲ್ಲಿದ್ದದ್ದು, ಬಿಸಿಯಾಗಿದ್ದರೆ ತಣ್ಣಗಾಗಿ, ತಣ್ಣಗಿದ್ದರೆ ಬೆಚ್ಚಗಾಗಿ, ಶಾಸ್ತ್ರದ ಬೇರೊಂದು ಅಧ್ಯಾಯಕ್ಕೆ ಸೇರಿಹೋಗಿರುತ್ತದೆ.

ದ್ರಾಕ್ಷಿಯಲ್ಲಿ ಸಕ್ಕರೆ ಹುಟ್ಟಿನಿಂದಲೇ ಇರುವುದರಿಂದ ವೈನ್ ತಯಾರಿಸುವವನ ಕೆಲಸ ಅರ್ಧ ಮುಗಿದೇ ಇರುತ್ತದೆ. ಅಕ್ಕಿಯಲ್ಲಿರುವುದು ಪಿಷ್ಟ, ಅದನ್ನು ಯೀಸ್ಟ್ ಮೂಸಿಯೂ ನೋಡುವುದಿಲ್ಲ. ಆದ್ದರಿಂದ ಹಬೆಯಲ್ಲಿ ಬೇಯಿಸಿದ ಅಕ್ಕಿಯ ಮೇಲೆ ಕೋಜಿಯ ಬೀಜಕಣಗಳನ್ನು ಉದುರಿಸಿ, ಬೆಚ್ಚನೆಯ ಕೋಣೆಯಲ್ಲಿ ಸುಮಾರು ಎರಡು ದಿನ ಬಾಣಂತನ ಮಾಡಿದಂತೆ ಹಗಲಿರುಳು ನೋಡಿಕೊಳ್ಳುತ್ತಾರೆ. ಹೀಗೆ ಬೆಳೆದ ಕೋಜಿ ತೊಟ್ಟಿಯೊಳಗೆ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತಿದ್ದಂತೆಯೇ ಯೀಸ್ಟ್ ಅದೇ ತೊಟ್ಟಿಯಲ್ಲಿ ಆ ಸಕ್ಕರೆಯನ್ನು ತಿಂದು ಮದ್ಯಸಾರ ಮಾಡುತ್ತಾ ಹೋಗುವುದರಿಂದ, ಭಟ್ಟಿ ಇಳಿಸದೆಯೇ ಮದ್ಯಸಾರದ ಪ್ರಮಾಣ ಶೇಕಡಾ 20ರ ಹತ್ತಿರ ಬರುತ್ತದೆ. ಸಾಮಾನ್ಯವಾಗಿ ಅದಕ್ಕೆ ನೀರು ಬೆರೆಸಿ 15–16ಕ್ಕೆ ಇಳಿಸುತ್ತಾರೆ. 2006ರಲ್ಲಿ ಜಪಾನಿನ ಮದ್ಯ ತಯಾರಿಕಾ ಸಂಘವು ಈ ಕೋಜಿಯನ್ನು ರಾಷ್ಟ್ರೀಯ ಶಿಲೀಂಧ್ರವೆಂದು ಸಾರಿತು. ಹುಲಿ, ನವಿಲು, ಕಮಲಗಳಿಂದ ತೃಪ್ತವಾಗಿರುವ ದೇಶದವರಿಗೆ ಬೂಷ್ಟಿಗೆ ಸಂದ ಈ ಮರ್ಯಾದೆ ವಿಚಿತ್ರವೆನಿಸಬಹುದಾದರೂ, ಸಂಜೆಯ ಹೊತ್ತಿನಲ್ಲಿ ಹುಲಿಯಿಂದ ಮನುಷ್ಯನಿಗೆ ಆಗುವ ಉಪಕಾರವೇನೆಂಬುದನ್ನು ಯಾರೂ ಇದುವರೆಗೆ ತೋರಿಸಿಕೊಟ್ಟಿಲ್ಲ.

ಸಾಕೆಯ ಕುಲಗೋತ್ರಗಳು ನಿರ್ಧಾರವಾಗುವುದು ಅಕ್ಕಿಯನ್ನು ಎಷ್ಟು ಉಜ್ಜಲಾಗಿದೆ ಎಂಬುದರ ಮೇಲೆ. ಕಾಳಿನ ಹೊರಪದರದಲ್ಲಿರುವ ಕೊಬ್ಬು ಮತ್ತು ಪ್ರೋಟೀನು ರುಚಿಯನ್ನು ಒರಟಾಗಿಸುತ್ತವೆ, ನಡುವಿನಲ್ಲಿರುವ ಬಿಳಿಯ ಪಿಷ್ಟವಷ್ಟೇ ಸುಗಂಧಕ್ಕೆ ಯೋಗ್ಯ ಎಂಬ ನಂಬಿಕೆಯಿಂದ ಹೊರಪದರವನ್ನು ಯಂತ್ರದಲ್ಲಿ ಸವೆಸುತ್ತಾರೆ. ಉಳಿದ ಭಾಗ ಶೇಕಡಾ 70 ಅಥವಾ ಅದಕ್ಕೂ ಕಡಿಮೆಯಾದರೆ ಹೊಂಜೊಜೊ, 60ಕ್ಕೆ ಇಳಿದರೆ ಗಿಂಜೊ, 50ಕ್ಕೆ ಇಳಿದರೆ ದಾಯ್‌ಗಿಂಜೊ ಎಂಬ ಬಿರುದುಗಳು ದೊರೆಯುತ್ತವೆ. ಅಂದರೆ ಸೀಸೆಯಲ್ಲಿ ಏನಿದೆ ಎಂಬುದಕ್ಕಿಂತ ಏನಿಲ್ಲ ಎಂಬುದಕ್ಕೇ ಹೆಚ್ಚು ಬೆಲೆ. ಈ ತರ್ಕವನ್ನು ಯಾಮಾಗುಚಿ ಪ್ರಾಂತದ ದಸ್ಸಾಯ್ ಎಂಬ ಸಾಕೆ ಶೇಕಡಾ 23ರವರೆಗೆ ಒಯ್ದರೆ, ಯಾಮಾಗಾತಾ ಪ್ರಾಂತದ ತಯಾರಕರೊಬ್ಬರು ಕೊಮ್ಯೊ ಎಂಬ ಸಾಕೆಗಾಗಿ ವಾರಗಟ್ಟಲೆ ಉಜ್ಜಿ, ನೂರು ಪಾಲಿನಲ್ಲಿ ಒಂದೇ ಪಾಲು ಉಳಿಯುವ ಸ್ಥಿತಿಗೆ ತಂದು ನಿಲ್ಲಿಸಿದ್ದಾರೆ. ಇನ್ನೊಂದು ವಾರ ಯಂತ್ರ ಓಡಿದ್ದರೆ ಅದ್ವೈತವೇ ಸಿದ್ಧಿಸಿಬಿಡುತ್ತಿತ್ತು. ತೆಗೆದುಹಾಕಿದ ಹಿಟ್ಟು ವ್ಯರ್ಥವಾಗುವುದಿಲ್ಲ, ಹೆಚ್ಚಿನಂಶ ಅಕ್ಕಿಯ ತಿಂಡಿಗಳಿಗೂ ದನಗಳ ಮೇವಿಗೂ ಹೋಗುತ್ತದೆ ಎಂಬುದು ಮಿತವ್ಯಯಿಗಳಿಗೆ ಸಮಾಧಾನದ ಸಂಗತಿ.

ಇದರ ಜೊತೆಗೆ ಜುನ್ಮಾಯ್ ಎಂಬ ಇನ್ನೊಂದು ಬಿರುದಿದೆ. ಹೊರಗಿನ ಮದ್ಯಸಾರವನ್ನು ಸ್ವಲ್ಪವೂ ಸೇರಿಸದ ಸಾಕೆಗೆ ಮಾತ್ರ ಅದು ಸಲ್ಲುತ್ತದೆ. ಹೊಸದಾಗಿ ದೀಕ್ಷೆ ಪಡೆದ ರಸಿಕರು ಜುನ್ಮಾಯ್ ಅಲ್ಲದ್ದನ್ನು ಮಡಿ ಕೆಟ್ಟದ್ದೆಂದು ದೂರವಿಡುತ್ತಾರೆ. ಆದರೆ ಸುಗಂಧದ ಅಂಶಗಳು ಮದ್ಯಸಾರದಲ್ಲಿ ಚೆನ್ನಾಗಿ ಕರಗುವುದರಿಂದ, ಹಿಂಡುವ ಮುನ್ನ ಒಂದಿಷ್ಟು ಮದ್ಯಸಾರ ಸೇರಿಸಿದ ದಾಯ್‌ಗಿಂಜೊಗಳೇ ಸ್ಪರ್ಧೆಗಳಲ್ಲಿ ಅನೇಕ ಬಾರಿ ಚಿನ್ನ ಗೆದ್ದಿವೆ ಎಂಬ ಸತ್ಯವನ್ನು ಅವರ ಎದುರು ಎತ್ತದಿರುವುದು ಸೌಜನ್ಯ.

ಸರ್ಕಾರದ ಮದ್ಯ ಸಂಶೋಧನಾಲಯವು 1904ರಲ್ಲಿ ಸ್ಥಾಪನೆಯಾಗಿ, 1911ರಲ್ಲಿ ಹೊಸ ಸಾಕೆಯ ಮೊದಲ ರಾಷ್ಟ್ರೀಯ ಪರೀಕ್ಷೆಯನ್ನು ನಡೆಸಿತು. ಇಂಥ ಪರೀಕ್ಷೆಗಳಲ್ಲಿ ಬಳಸುವ ಬಿಳಿಯ ಪಿಂಗಾಣಿ ಬಟ್ಟಲು ನೋಡಲು ಸಾಧುವಾಗಿದ್ದರೂ ಒಳಗೆ ಗೂಢಚಾರ: ಅದರ ತಳದಲ್ಲಿ ಒಂದರೊಳಗೊಂದು ಎರಡು ನೀಲಿ ವರ್ತುಲಗಳಿದ್ದು, ಜಪಾನೀಯರು ಅವನ್ನು ಹಾವಿನ ಕಣ್ಣೆನ್ನುತ್ತಾರೆ. ಸಾಕೆ ತಿಳಿಯಾಗಿದ್ದರೆ ನೀಲಿಯ ಅಂಚು ಕತ್ತರಿಸಿದಂತೆ ಕಾಣುತ್ತದೆ, ಕಣ್ಣಿಗೆ ಸಿಗದಷ್ಟು ಮಬ್ಬಿದ್ದರೂ ಅಂಚು ಅಳ್ಳಾಡುತ್ತದೆ. ನೀಲಿಯ ಪಕ್ಕದ ಬಿಳಿಯ ಮೇಲೆ ಹಳದಿ ಛಾಯೆ ಸುಳ್ಳು ಹೇಳಲಾರದು. ಪರೀಕ್ಷಕನು ಮೊದಲು ನೋಡಿ, ಆಮೇಲೆ ಮೂಸಿ, ಬಳಿಕ ಒಂದು ಚಮಚೆಯಷ್ಟನ್ನು ನಾಲಿಗೆಯ ಮೇಲೆ ಹರಡಿಕೊಂಡು, ಊಟದ ಮನೆಯಲ್ಲಾದರೆ ಬೈಸಿಕೊಳ್ಳಬೇಕಾದಷ್ಟು ಜೋರಾಗಿ ಸೊರ್ರೆಂದು ಗಾಳಿ ಎಳೆದು, ಮೂಗಿನಿಂದ ಉಸಿರು ಬಿಟ್ಟು, ಕೊನೆಗೆ ಎಲ್ಲವನ್ನೂ ಉಗಿದುಬಿಡುತ್ತಾನೆ. ದೇಶದ ಅತ್ಯುತ್ತಮ ಸಾಕೆಗಳೆಲ್ಲ ಬಾಯಿಯವರೆಗೆ ಬಂದು ಗಂಟಲಿಗಿಳಿಯದೆ ಹಿಂದಿರುಗುವ ಈ ವೃತ್ತಿಗೆ ಸ್ಥಿತಪ್ರಜ್ಞತೆ ಬೇಕೆಂಬುದರಲ್ಲಿ ಸಂಶಯವಿಲ್ಲ.

ಅಂಥ ನಾಲಿಗೆಗಳು ಸಾಕೆಯಲ್ಲಿ ಬಾಳೆಹಣ್ಣನ್ನೂ ಸೇಬನ್ನೂ ಕಂಡುಹಿಡಿಯುವುದು ಕೇವಲ ಕವಿಸಮಯವಲ್ಲ. ಬಾಳೆಯ ಪರಿಮಳಕ್ಕೆ ಐಸೊಅಮೈಲ್ ಅಸಿಟೇಟ್, ಸೇಬಿನದಕ್ಕೆ ಈಥೈಲ್ ಕ್ಯಾಪ್ರೊಯೇಟ್ ಎಂಬ ಸಂಯುಕ್ತಗಳು ಕಾರಣ, ಎರಡನ್ನೂ ಯೀಸ್ಟೇ ತಯಾರಿಸುತ್ತದೆ. ಆದರೆ ಹಳತಾದ ಸಾಕೆಯ ವಿಷಯದಲ್ಲಿ ಶಾಸ್ತ್ರ ತುಸು ಪಕ್ಷಪಾತಿ. ಹೊಸ ಸಾಕೆ ಬೆಳಕಿಗೋ ಬಿಸಿಗೋ ಸಿಕ್ಕಿ ಮೂಲಂಗಿ ಉಪ್ಪಿನಕಾಯಿಯನ್ನು ನೆನಪಿಸಿದರೆ ಅದು ದೋಷ. ಅದನ್ನೇ ಹತ್ತು ವರ್ಷ ಇಟ್ಟು, ಬಣ್ಣ ಜೇನಿನಂತಾಗಿ, ಸೋಯಾ ಸಾಸಿನ ಮತ್ತು ಒಣಹಣ್ಣಿನ ವಾಸನೆ ಬಂದರೆ ಕೊಶು ಎಂಬ ಹೆಸರಿಟ್ಟು ದುಪ್ಪಟ್ಟು ಬೆಲೆಗೆ ಮಾರುತ್ತಾರೆ. ಕೆಲವು ಮನುಷ್ಯರ ಮುಂಗೋಪವೂ ವಯಸ್ಸಾದ ಮೇಲೆ ವ್ಯಕ್ತಿತ್ವವೆನಿಸಿಕೊಳ್ಳುವುದುಂಟು.

ಉಷ್ಣತೆಯ ಅಧ್ಯಾಯಕ್ಕೆ ಬಂದಾಗ ಮೀಮಾಂಸೆ ತನ್ನ ಶಿಖರ ಮುಟ್ಟುತ್ತದೆ. 5 ಡಿಗ್ರಿಯದು ಹಿಮದ ತಂಪು, 10ರದು ಹೂವಿನ ತಂಪು, 15ರದು ಬರಿಯ ತಂಪು. ಬಿಸಿಯ ಕಡೆಗೆ 30 ಡಿಗ್ರಿಯದು ಬಿಸಿಲಿನ ಕಾವು, 35ರದು ಮನುಷ್ಯನ ಮೈಯ ಕಾವು, ಮುಂದೆ ಐದೈದು ಡಿಗ್ರಿಗೊಂದು ಹೆಸರಿನಂತೆ 55ರವರೆಗೆ ಮೆಟ್ಟಿಲುಗಳಿವೆ. ಯಾರ ಮೈಯ ಕಾವೆಂದು ಶಾಸ್ತ್ರ ಹೇಳುವುದಿಲ್ಲವಾದ್ದರಿಂದ ಜ್ವರ ಬಂದವನು ಸಾಕೆ ಕಾಯಿಸಬಾರದೆಂದು ಊಹಿಸಬೇಕು. ದಾಯ್‌ಗಿಂಜೊವನ್ನು ಕಾಯಿಸಿದರೆ ಅಷ್ಟೆಲ್ಲ ಉಜ್ಜಿ ಸಂಪಾದಿಸಿದ ಪರಿಮಳ ಚಾವಣಿಗೆ ಹೋಗುತ್ತದೆ. ಹೆಚ್ಚು ಹುಳಿಯೂ ಮೈಕಟ್ಟೂ ಇರುವ ಕಿಮೊತೊ, ಯಾಮಹಾಯ್ ಜಾತಿಯವು ಮಾತ್ರ ಬಿಸಿಯಲ್ಲಿ ಅರಳುತ್ತವೆ. ಇವೆರಡರ ಕಥೆಯೂ ಸ್ವಾರಸ್ಯದ್ದು. ಹಳೆಯ ಕಿಮೊತೊ ಪದ್ಧತಿಯಲ್ಲಿ ಚಳಿಗಾಲದ ರಾತ್ರಿಗಳಲ್ಲಿ ಆಳುಗಳು ಅಕ್ಕಿ, ಕೋಜಿ, ನೀರಿನ ಮಿಶ್ರಣವನ್ನು ಉದ್ದ ಕೋಲುಗಳಿಂದ ಗಂಟೆಗಟ್ಟಲೆ ಅರೆದು, ಗಾಳಿಯಲ್ಲಿನ ಬ್ಯಾಕ್ಟೀರಿಯಾಗಳಿಂದ ಅದು ಹುಳಿಯೇರುವಂತೆ ಮಾಡುತ್ತಿದ್ದರು. 1909ರಲ್ಲಿ ಸಂಶೋಧನಾಲಯದವರು ಪರೀಕ್ಷಿಸಿ ನೋಡಿ, ಅರೆಯದಿದ್ದರೂ ಅದು ಹುಳಿಯೇರುತ್ತದೆ ಎಂದು ತೀರ್ಪು ಕೊಟ್ಟರು. ಅರೆಯುವುದನ್ನು ಬಿಟ್ಟದ್ದೇ ಯಾಮಹಾಯ್. ಮರುವರ್ಷ ಲ್ಯಾಕ್ಟಿಕ್ ಆಮ್ಲವನ್ನು ನೇರವಾಗಿ ಸುರಿಯುವ ವಿಧಾನವೂ ಬಂದು ಕಾಯುವ ಕಷ್ಟವೇ ತಪ್ಪಿತು. ಈಗ ಕೆಲವು ತಯಾರಕರು ಮತ್ತೆ ಕೋಲು ಹಿಡಿದು ಅರೆಯುತ್ತಿದ್ದಾರೆ, ಗ್ರಾಹಕರು ಆ ಅನಾವಶ್ಯಕ ಶ್ರಮಕ್ಕೆ ಸಂತೋಷದಿಂದ ಹಣ ಕೊಡುತ್ತಿದ್ದಾರೆ.

ಇಷ್ಟೆಲ್ಲವನ್ನೂ ಒಂದೇ ಸೂರಿನಡಿ ಅಭ್ಯಾಸ ಮಾಡಬಯಸುವವರಿಗೆ ನೀಗಾತಾ ಪ್ರಾಂತದ ಎಚಿಗೊ-ಯುಜಾವಾ ರೈಲು ನಿಲ್ದಾಣದಲ್ಲಿ ಪೋನ್‌ಶುಕಾನ್ ಎಂಬ ರುಚಿಶಾಲೆಯಿದೆ. ಕವಾಬಾತಾ ಯಾಸುನಾರಿ ತಮ್ಮ ‘ಹಿಮನಾಡು’ ಕಾದಂಬರಿಯನ್ನು ನೆಲೆಗೊಳಿಸಿದ ಊರು ಇದೇ. ಅಲ್ಲಿ ವಿಷಾದಕ್ಕೆ ಹಿಮ ಕಾರಣವಾದರೆ ಇಲ್ಲಿ ಕೈಯಲ್ಲಿ ಉಳಿದ ಬಿಲ್ಲೆಗಳ ಸಂಖ್ಯೆ ಕಾರಣ. ಗೋಡೆಯುದ್ದಕ್ಕೂ ಜೋಡಿಸಿದ ಯಂತ್ರಗಳಲ್ಲಿ ಬಿಲ್ಲೆ ಹಾಕಿ ಗುಂಡಿ ಒತ್ತಿದರೆ ಪುಟ್ಟ ಬಟ್ಟಲಿಗೆ ಒಂದು ಗುಟುಕು ಬೀಳುತ್ತದೆ. ನಡುನಡುವೆ ನಾಲಿಗೆ ತೊಳೆಯಲು ಸೌತೆಕಾಯಿ, ನೆಕ್ಕಲು ಬಗೆಬಗೆಯ ಉಪ್ಪು. ನೀಗಾತಾದ ಸಾಕೆ ಹಗುರ ಮತ್ತು ಒಣ ಸ್ವಭಾವಕ್ಕೆ ಹೆಸರಾದದ್ದರಿಂದ, ಒಂದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಮೂರನೆಯ ಬಟ್ಟಲಿನಲ್ಲಿ ಸೂಕ್ಷ್ಮವಾಗಿಯೂ ಐದನೆಯದರಲ್ಲಿ ಅತಿಸೂಕ್ಷ್ಮವಾಗಿಯೂ ತೋರುತ್ತದೆ. ಅಂಗಡಿಯವರು ಬಾಗಿಲ ಬಳಿ ಕೋಟು ಟೈ ಧರಿಸಿ ಕಾಲು ಚಾಚಿ ಬಿದ್ದಿರುವ ಕುಡುಕರ ಆಳೆತ್ತರದ ಬೊಂಬೆಗಳನ್ನಿಟ್ಟಿದ್ದು, ಪಠ್ಯಕ್ರಮ ಮುಗಿಸಿದವರ ಸ್ಥಿತಿಯನ್ನು ಸೇರುವ ಮೊದಲೇ ತಿಳಿಸುವ ವಿದ್ಯಾಸಂಸ್ಥೆ ಬಹುಶಃ ಇದೊಂದೇ.

ಶಿಕೊಕು ದ್ವೀಪದ ಕೋಚಿ ಪ್ರಾಂತದವರು ಈ ಶಾಸ್ತ್ರಕ್ಕೆಲ್ಲ ಸೊಪ್ಪು ಹಾಕದವರೆಂದು ಪ್ರಸಿದ್ಧರು. ಅವರ ಕೂಟಗಳಲ್ಲಿ ಬೆಕುಹಾಯ್ ಎಂಬ ಆಟ ನಡೆಯುತ್ತದೆ: ಮುಖಗಳ ಚಿತ್ರವಿರುವ ಬುಗುರಿಯನ್ನು ತಿರುಗಿಸಿದಾಗ ಅದರ ಮೊನೆ ಯಾರ ಕಡೆ ಬೀಳುತ್ತದೋ ಅವರು, ಮೇಲೆ ಬಂದ ಚಿತ್ರದ ಬಟ್ಟಲಿನಲ್ಲಿ ಕುಡಿಯಬೇಕು. ದುಂಡುಮುಖದ ಹೆಂಗಸಿನ ಬಟ್ಟಲು ಚಿಕ್ಕದು. ಸೊಟ್ಟಬಾಯಿಯ ಹಾಸ್ಯಗಾರನದರಲ್ಲಿ ಬಾಯಿಯ ಜಾಗದಲ್ಲಿ ತೂತಿರುವುದರಿಂದ ಬೆರಳಿನಿಂದ ಮುಚ್ಚಿಕೊಂಡೇ ಖಾಲಿ ಮಾಡಬೇಕು. ಗುಡ್ಡದ ಭೂತವಾದ ಟೆಂಗುವಿನದು ಎಲ್ಲಕ್ಕಿಂತ ದೊಡ್ಡದು, ಉದ್ದ ಮೂಗಿನ ದೆಸೆಯಿಂದ ಮುಗಿಯುವವರೆಗೆ ಕೆಳಗಿಡಲಾಗದು. ಮೂಗಿನ ಬಟ್ಟಲು ಪಾಲಿಗೆ ಬಂದವನು ಅಕ್ಕಿಯನ್ನು ಶೇಕಡಾ ಎಷ್ಟು ಉಜ್ಜಿದ್ದೆಂದು ವಿಚಾರಿಸಲು ಬಾಯಿ ತೆರೆದರೆ, ಸುತ್ತಲಿನವರು ಅದನ್ನು ಕುಡಿಯುವ ಸಿದ್ಧತೆಯೆಂದೇ ತಿಳಿದು ಚಪ್ಪಾಳೆ ತಟ್ಟುತ್ತಾರೆ.