ಜೂನ್ ಒಂದರ ಮಹಾನುಭಾವರು

ನರ್ಗಿಸ್, ಮರ್ಲಿನ್ ಮನ್ರೋ, ಮಾಧವನ್ ಮತ್ತು ನಾನು. ಈ ಪಟ್ಟಿಯನ್ನು ಮದುವೆಮನೆಯಲ್ಲಿ, ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ, ಕೇಳಿದವರಿಗೂ ಕೇಳದವರಿಗೂ ಒಪ್ಪಿಸಿದ್ದೇನೆ. ನಾಲ್ವರೂ ಜೂನ್ 1ರಂದು ಹುಟ್ಟಿದವರು. ಮನ್ರೋ 1926, ನರ್ಗಿಸ್ 1929, ನಾನು 1969, ಮಾಧವನ್ 1970. ಚೆಲುವು ಅವರವರಲ್ಲೇ ಖರ್ಚಾಗಿ, ನನ್ನ ಪಾಲಿಗೆ ತಾರೀಖು ಮಾತ್ರ ಉಳಿಯಿತು ಎನ್ನುವುದು ನನ್ನ ಹೆಂಡತಿಯ ಅಭಿಪ್ರಾಯ.

ಕಚೇರಿಯಲ್ಲಿ ಹುಟ್ಟಿದಹಬ್ಬಕ್ಕೆ ಕೇಕು ಕತ್ತರಿಸುವ ಪದ್ಧತಿ ಶುರುವಾದಾಗ ಹೊಸ ಅಂಗಿ ತೊಟ್ಟು ಹೋದೆ. ನೋಡಿದರೆ ಕೇಕಿನ ಮುಂದೆ ಅರ್ಧ ಕಚೇರಿಯೇ ನಿಂತಿದೆ! ರೆಕಾರ್ಡ್ ರೂಮಿನವರು, ಜೀಪಿನ ಡ್ರೈವರು, ಮ್ಯಾನೇಜರು, ಎಲ್ಲರೂ ನರ್ಗಿಸ್ ಬಳಗವೇ. 23 ಜನ ಸೇರಿದರೆ ಅವರಲ್ಲಿ ಯಾರಾದರೂ ಇಬ್ಬರ ಹುಟ್ಟುದಿನ ಒಂದೇ ಆಗಿರುವ ಸಂಭವ ಅರ್ಧಕ್ಕಿಂತ ಹೆಚ್ಚು, ಆದರೆ ನನ್ನದೇ ತಾರೀಖಿನವರು ಸಿಗುವ ಸಂಭವ ಅಷ್ಟಾಗಬೇಕಾದರೆ 253 ಜನ ಬೇಕು ಅನ್ನುತ್ತದೆ ಗಣಿತ. ಪಾಪ, ಆ ಗಣಿತಕ್ಕೆ ನಮ್ಮೂರ ಹೆಡ್‌ಮಾಸ್ತರರ ಪರಿಚಯವಿಲ್ಲ. ಬಲಗೈಯನ್ನು ನೆತ್ತಿಯ ಮೇಲಿಂದ ತಂದು ಎಡಗಿವಿ ಮುಟ್ಟು ಅನ್ನುತ್ತಿದ್ದರು. ಮುಟ್ಟಿದರೆ ಒಂದನೇ ಕ್ಲಾಸು. ಹುಟ್ಟಿದ ದಿನ ಜೂನ್ 1. ನಮ್ಮ ಇಡೀ ಕ್ಲಾಸು ಒಂದೇ ದಿನ ಭೂಮಿಗಿಳಿದದ್ದು ಹೀಗೆ. ಮೇ 31 ಬಂತೆಂದರೆ ಸರ್ಕಾರಿ ಕಚೇರಿಗಳಲ್ಲಿ ಸಾಮೂಹಿಕ ನಿವೃತ್ತಿ: ಒಂದೇ ಶಾಮಿಯಾನ, ಒಂದೇ ಭಾಷಣ, ಹಾರ ಮಾತ್ರ ಬೇರೆ ಬೇರೆ.

ಅನುಮಾನ ತಡೆಯದೆ ಊರಿಗೆ ಹೋಗಿ ದೊಡ್ಡತ್ತೆಯನ್ನು ಕೇಳಿದೆ.

"ಯಾವ ಜೂನೋ? ನೀನು ಹುಟ್ಟಿದ್ದು ಗಣೇಶನ ಹಬ್ಬದ ದಿನ. ಕಡುಬಿನ ಹಿಟ್ಟು ಮೆತ್ತಿದ ಕೈಯಲ್ಲೇ ಸೂಲಗಿತ್ತೀನ ಕರೆಯೋಕೆ ಓಡಿದ್ದೆ. ಇಂದಿರಾಗಾಂಧಿ ಬ್ಯಾಂಕುಗಳನ್ನೆಲ್ಲ ಸರ್ಕಾರಕ್ಕೆ ತಗೊಂಡ ವರ್ಷ."

ಅಂದರೆ 1969. ಆ ವರ್ಷ ಅಧಿಕ ಆಷಾಢ ಬಂದು ಹಬ್ಬ ಹಿಂದಕ್ಕೆ ಜಾರಿತ್ತು. ಗಣೇಶ ಬಂದದ್ದು ಸೆಪ್ಟೆಂಬರ್ 15ಕ್ಕೆ. ಸುದ್ದಿ ಕೇಳಿದ ಹೆಂಡತಿ ಮೊದಲು ಮಾಡಿದ್ದು ಸಂಬಳದ ಲೆಕ್ಕ. ನಿಜವಾದ ತಾರೀಖು ಬರೆಸಿದ್ದರೆ ಸೆಪ್ಟೆಂಬರ್ ಕೊನೆಯವರೆಗೂ ನೌಕರಿ ಇರುತ್ತಿತ್ತು. ನಾಲ್ಕು ತಿಂಗಳ ಸಂಬಳವನ್ನು ನನ್ನ ಎಡಗಿವಿ ನುಂಗಿತ್ತು.

ನಾನು ಮಾತ್ರ ಹೊಸ ನೆಂಟರನ್ನು ಹುಡುಕಿಕೊಂಡೆ. ಸೆಪ್ಟೆಂಬರ್ 15 ಎಂದರೆ ಸಾಮಾನ್ಯವೇ? 1890ರಲ್ಲಿ ಅಗಾಥಾ ಕ್ರಿಸ್ಟಿ, 1909ರಲ್ಲಿ ತಮಿಳುನಾಡಿನ ಅಣ್ಣಾದುರೈ, ಎಲ್ಲರಿಗಿಂತ ಮೊದಲು ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು! ದೇಶವೇ ಇಂಜಿನಿಯರುಗಳ ದಿನ ಆಚರಿಸುವ ದಿನ. ನರ್ಗಿಸ್‌ರನ್ನು ಕೂಡಲೇ ಬಿಟ್ಟುಕೊಟ್ಟೆ. ಪುಣೆ ಬಳಿಯ ಖಡಕ್‌ವಾಸ್ಲಾ ಅಣೆಕಟ್ಟಿಗೆ ಸರ್ ಎಂ.ವಿ. ಹಾಕಿಸಿದ ಬಾಗಿಲುಗಳ ವಿಷಯ ಓದಿದೆ: ನೀರು ಮಿತಿ ಮೀರಿದರೆ ತಾವೇ ತೆರೆಯುತ್ತವೆ, ಇಳಿದರೆ ತಾವೇ ಮುಚ್ಚುತ್ತವೆ. ಓದಿ ತಲೆಯೆತ್ತಿದಾಗ ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು. ಒಂದೇ ದಿನ ಹುಟ್ಟಿದ್ದಕ್ಕೆ ಅಷ್ಟಾದರೂ ಬೇಡವೇ?

ಪ್ಲಂಬರನ್ನು ಕರೆಸೋಣ ಎಂದು ಹೆಂಡತಿ ಅಂದಳು. ಕೆ.ಆರ್.ಎಸ್. ಕಟ್ಟಿದವರು ಪ್ಲಂಬರನ್ನು ಕರೆಸಿದ್ದರೇ ಎಂದು ಕೇಳಿ, ಸ್ಪ್ಯಾನರು ಹಿಡಿದು ತಿರುಗಿಸಿದೆ. ಒಂದು ಸುತ್ತು ಬಂತು. ಎರಡನೆಯ ಸುತ್ತಿಗೆ ನಲ್ಲಿಯೇ ಕೈಗೆ ಬಂತು. ನೀರು ಸೂರಿಗೆ ಹಾರಿ, ಅಲ್ಲಿಂದ ಉಪ್ಪಿನಕಾಯಿ ಜಾಡಿಗೆ, ಅಲ್ಲಿಂದ ನಡುಮನೆಗೆ ಹರಿಯಿತು. ಮಿತಿ ಮೀರಿತ್ತು, ತಾನೇ ಮುಚ್ಚಿಕೊಳ್ಳುವ ಲಕ್ಷಣ ಮಾತ್ರ ಕಾಣಲಿಲ್ಲ. ರಂಧ್ರಕ್ಕೆ ಹೆಬ್ಬೆರಳು ಒತ್ತಿಕೊಂಡು, ಪಂಚೆ ತೊಯ್ದು ನಿಂತೆ.

ಹೆಂಡತಿ ಸೀರೆ ಎತ್ತಿಕಟ್ಟಿ ಬಾಗಿಲಲ್ಲಿ ನಿಂತಳು. "ರೀ, ಅದೇ ದಿನ ಹುಟ್ಟಿದ ಇನ್ನೊಬ್ಬಾಕೆ ಪತ್ತೇದಾರಿ ಕಾದಂಬರಿ ಬರೆದವಳಲ್ವಾ? ಮೇನ್ ವಾಲ್ವ್ ಎಲ್ಲಿದೆ, ಪತ್ತೆ ಮಾಡಿ ನೋಡೋಣ."